ಪುಸ್ತಕ ಮಕ್ಕಳ ಕಡೆಗಿರಲಿ

ನನ್ನ ತಂಗಿಯ ಮಗಳು ಈ ಜೂನ್‌ನಿಂದ ಯುಕೆಜಿ ಟೀಚರ್. ಶಾಲೆಯವರು ವರ್ಷದ ಥೀಮ್ ಪಟ್ಟಿಯನ್ನು ಕೈಗಿಟ್ಟಿದ್ದಾರೆ: ನಾನು ಮತ್ತು ನನ್ನ ಮನೆ, ಮಳೆಗಾಲ, ತರಕಾರಿ, ಪ್ರಾಣಿಗಳು, ವಾಹನಗಳು, ಹಬ್ಬಗಳು, ಹೀಗೆ. ಒಂದೊಂದಕ್ಕೂ ಚಿತ್ರಪುಸ್ತಕ ಓದಿ ಹೇಳಬೇಕಂತೆ. "ದೊಡ್ಡಮ್ಮ, ಯಾವ್ಯಾವ ಪುಸ್ತಕ ಅಂತ ಒಂದು ಲಿಸ್ಟ್ ಕೊಟ್ಟುಬಿಡು" ಎಂದಳು. ಲಿಸ್ಟ್ ಕೊಡುವುದೇನೋ ಸುಲಭ. ಪುಸ್ತಕ ಹಿಡಿದು ಐದು ವರ್ಷದ ಮಕ್ಕಳೆದುರು ಕೂರುವುದಿದೆಯಲ್ಲ, ಅದು ಬೇರೆಯೇ ಕೆಲಸ. ತೀರ್ಥಹಳ್ಳಿ ಕಡೆಯ ಶಿಶುವಿಹಾರದಲ್ಲಿ ತಲೆ ನರೆಯುವವರೆಗೆ ಅದನ್ನೇ ಮಾಡಿದವಳು ನಾನು. ಅವಳಿಗೆಂದು ಬರೆದದ್ದನ್ನು ಬೇರೆ ಹೊಸ ಟೀಚರುಗಳು, ಅಂಗನವಾಡಿ ಕಾರ್ಯಕರ್ತೆಯರು, ಮನೆಯಲ್ಲಿ ಮೊಮ್ಮಕ್ಕಳಿಗೆ ಓದಿ ಹೇಳುವವರು ಕೂಡ ನೋಡಲಿ ಎಂದು ಇಲ್ಲಿ ಕೊಡುತ್ತಿದ್ದೇನೆ.

• ಮೊದಲು ಇದೊಂದು ತಿಳಿದುಕೊ ಕೂಸೆ, ಉಳಿದದ್ದೆಲ್ಲ ಇದರ ಹಿಂದೆ ತಾನಾಗಿ ಬರುತ್ತದೆ. ಥೀಮ್ ನಿನ್ನ ಡೈರಿಗೆ, ಕತೆ ಮಕ್ಕಳಿಗೆ. "ಮಕ್ಕಳೇ, ಈ ವಾರ ನಾವು ಮಳೆಗಾಲದ ಬಗ್ಗೆ ಕಲಿಯೋಣ" ಎಂದು ಶುರುಮಾಡಬೇಡ. ಹೊರಗೆ ಹಂಚಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿರುವಾಗ ಅವರಿಗೆ ಆ ಸುದ್ದಿಯನ್ನು ನೀನು ಹೇಳಬೇಕಾಗಿಲ್ಲ. ಮಳೆಯಲ್ಲಿ ಒಬ್ಬಳ ಚಪ್ಪಲಿ ತೇಲಿಹೋಯಿತು ಎಂದು ಶುರುಮಾಡು. ಎಲ್ಲ ತಲೆಗಳೂ ನಿನ್ನ ಕಡೆ ತಿರುಗುತ್ತವೆ. ಮಳೆಗಾಲದ ವಿಚಾರ ಆ ಚಪ್ಪಲಿಯ ಹಿಂದೆಯೇ ಬರುತ್ತದೆ.

• ಪುಸ್ತಕವನ್ನು ಅದರ ವಿಷಯ ನೋಡಿ ಆರಿಸಬೇಡ, ಪುಸ್ತಕವನ್ನೇ ನೋಡಿ ಆರಿಸು. ಅಂಗಡಿಯಲ್ಲಿ 'ಮಳೆ', 'ನೀರು', 'ಮರ' ಎಂಬ ಹೆಸರಿನ ಪುಸ್ತಕಗಳು ಎಷ್ಟು ಬೇಕಾದರೂ ಸಿಗುತ್ತವೆ. ಒಳಗೆ ತೆರೆದರೆ ಕತೆಯ ವೇಷ ಹಾಕಿದ ಪಾಠ. ಎರಡನೇ ಪುಟದಲ್ಲೇ ಅಜ್ಜನೊಬ್ಬ ಬಂದು ನೀರು ಉಳಿಸಿ ಎನ್ನುತ್ತಾನೆ. ಅಂಥದ್ದನ್ನು ಅಲ್ಲೇ ಇಟ್ಟು ಬಾ. ನನ್ನ ಪರೀಕ್ಷೆ ಸರಳ. ಅಂಗಡಿಯಲ್ಲೇ ನಿಂತು ಎರಡು ಸಲ ಓದು. ಎರಡನೇ ಸಲಕ್ಕೆ ನಿನಗೇ ಆಕಳಿಕೆ ಬಂದರೆ, ಅದನ್ನೇ ನಾಲ್ಕು ದಿನ ಕೇಳುವ ಮಕ್ಕಳ ಗತಿ ಏನು? ಇನ್ನೊಂದು ಲಕ್ಷಣವನ್ನೂ ನೋಡು. ಅಕ್ಷರ ಹೇಳದ ಏನನ್ನಾದರೂ ಚಿತ್ರ ಹೇಳುತ್ತಿರಬೇಕು. ಬರಹದಲ್ಲಿ "ಅಜ್ಜಿ ಸಂತೆಗೆ ಹೊರಟಳು" ಎಂದಷ್ಟೇ ಇದೆ. ಚಿತ್ರದಲ್ಲಿ ಅಜ್ಜಿಯ ಹಿಂದೆ ಬೆಕ್ಕೂ ಹೊರಟಿದೆ, ಅಜ್ಜಿಗೆ ಅದು ಗೊತ್ತಿಲ್ಲ. ಓದು ಬಾರದ ಮಗುವಿಗೆ ಟೀಚರಿಗಿಂತ ಹೆಚ್ಚು ಗೊತ್ತಾಗುವುದು ಇಂಥ ಪುಟದಲ್ಲೇ. ಆ ಖುಷಿಗೆ ದುಡ್ಡು ಕೊಟ್ಟರೂ ತಪ್ಪಿಲ್ಲ.

• ಒಂದು ಥೀಮಿಗೆ ಹತ್ತು ಪುಸ್ತಕ ಬೇಡ, ಮೂರು ಸಾಕು. ಒಂದು ಕತೆಯದು, ಒಂದು ಮಾತಿಲ್ಲದ ಬರೀ ಚಿತ್ರದ್ದು, ಇನ್ನೊಂದು ನಿಜಸಂಗತಿಯದು. ಮಳೆಗಾಲಕ್ಕೆ ಕಪ್ಪೆಯ ಕತೆ ಓದಿದ ಮಾರನೇ ದಿನ ಕಪ್ಪೆಯ ಫೋಟೊಗಳಿರುವ ಪುಸ್ತಕ ತೆರೆ. ಗಂಟಲ ಕೆಳಗೆ ಬಲೂನಿನ ಹಾಗೆ ಚೀಲ ಉಬ್ಬಿಸಿಕೊಂಡು ಕೂತ ಕಪ್ಪೆಯನ್ನು ಕಂಡಾಗ, ರಾತ್ರಿಯೆಲ್ಲ ಗದ್ದೆಯಲ್ಲಿ ಕೂಗುವುದು ಇದೇ ಎಂದು ಅವರಿಗೇ ಹೊಳೆಯುತ್ತದೆ. ಯಾಕೆ ಕೂಗುತ್ತದೆ ಎಂದು ಕೇಳೇ ಕೇಳುತ್ತಾರೆ. ಗಂಡುಕಪ್ಪೆ ಹೆಣ್ಣುಕಪ್ಪೆಯನ್ನು ಕರೆಯುತ್ತದೆ ಎಂದು ನೇರವಾಗಿ ಹೇಳು. ಮುಜುಗರ ದೊಡ್ಡವರದು, ಮಕ್ಕಳದಲ್ಲ.

• ಪುಸ್ತಕಕ್ಕೆ ದುಡ್ಡಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ಹುಟ್ಟಿದ್ದು 2004ರಲ್ಲಿ. 2015ರಲ್ಲಿ ಅವರು ಸ್ಟೋರಿವೀವರ್ ಎಂಬ ಅಂತರ್ಜಾಲ ತಾಣ ತೆರೆದರು. ಕನ್ನಡದ ಚಿತ್ರಪುಸ್ತಕಗಳನ್ನು ಅಲ್ಲಿ ಪುಕ್ಕಟೆಯಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಲೂಬಹುದು. ಪುಸ್ತಕಗಳನ್ನು ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ. ಮೊದಲ ಹಂತದ ಕತೆಗಳು ಸುಮಾರು 250 ಪದದೊಳಗೆ, ಎರಡನೆಯದರವು 600ರೊಳಗೆ. ನಿನ್ನ ಮಕ್ಕಳಿಗೆ ಇವೆರಡೇ ಸಾಕು. ಎರಡನೇ ಹಂತದ್ದನ್ನು ಅವರು ತಾವೇ ಓದಲಾರರು ಎಂದು ಬಿಡಬೇಡ. ಓದುವವಳು ನೀನು, ಅವರು ಕೇಳುವವರು. ಈ ವಯಸ್ಸಿನಲ್ಲಿ ಕೇಳಿ ತಿಳಿಯುವ ಶಕ್ತಿ ಓದಿ ತಿಳಿಯುವ ಶಕ್ತಿಗಿಂತ ಮುಂದಿರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಚೆನ್ನೈನ ತೂಲಿಕಾದವರೂ ಕನ್ನಡದಲ್ಲಿ ತರುತ್ತಾರೆ, ಚಿತ್ರ ಚೆನ್ನ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಹೋಗಿ ನೋಡು. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ.

• ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊ. ಮನಸ್ಸಿನಲ್ಲಿ ಓದಿಕೊಂಡರೆ ಆಗುವುದಿಲ್ಲ, ನಾಲಿಗೆ ಎಲ್ಲಿ ತೊಡರುತ್ತದೆ ಎಂದು ಗೊತ್ತಾಗಲು ಬಾಯಿ ಬಿಟ್ಟೇ ಓದಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು, ಯಾವ ಪುಟದಲ್ಲಿ ಮಕ್ಕಳು ಎದ್ದು ನಿಲ್ಲಬಹುದು ಎಂದು ಗುರುತು ಹಾಕಿಕೊ. ಕೇಳುವವರು ಬೇಕಿದ್ದರೆ ನಿಮ್ಮ ಚಿಕ್ಕಪ್ಪನನ್ನು ಕೂರಿಸಿಕೊ. ಅವರಿಗೆ ಹೇಗೂ ಟಿ.ವಿ. ಬಿಟ್ಟರೆ ಕೆಲಸವಿಲ್ಲ.

• ಕೂರುವ ಜಾಗದ ಮಾತು ಸಣ್ಣದೆನಿಸಬಹುದು, ಆದರೆ ಅರ್ಧ ಕೆಲಸ ಕೆಡುವುದು ಇಲ್ಲೇ. ಜಮಖಾನ ಹಾಸಿ ಮಕ್ಕಳನ್ನು ಅರ್ಧಚಂದ್ರದ ಹಾಗೆ ಕೂರಿಸು. ನೀನು ಗಿಡ್ಡ ಸ್ಟೂಲಿನ ಮೇಲೆ ಕೂರು. ಕುರ್ಚಿಯಲ್ಲಿ ಕೂತರೆ ಮುಂದಿನ ಸಾಲಿನವರ ಕುತ್ತಿಗೆ ನೋಯುತ್ತದೆ, ನೆಲದಲ್ಲಿ ಕೂತರೆ ಹಿಂದಿನ ಸಾಲಿಗೆ ಪುಸ್ತಕ ಕಾಣಿಸುವುದಿಲ್ಲ. ಕಿಟಕಿ ನಿನ್ನ ಬೆನ್ನಿಗಿರಬಾರದು; ಮಕ್ಕಳಿಗೆ ಬೆಳಕು ಕಣ್ಣಿಗೆ ಹೊಡೆದು ಚಿತ್ರ ಕಪ್ಪಾಗುತ್ತದೆ. ಬೆಳಕು ಪುಟದ ಮೇಲೆ ಬೀಳಲಿ. ಪುಸ್ತಕವನ್ನು ನಿನ್ನ ಮುಖದ ಮುಂದೆ ಹಿಡಿಯದೆ ಪಕ್ಕಕ್ಕೆ ಹಿಡಿ. ಬೆನ್ನಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪುಟದ ಕೆಳತುದಿಯಲ್ಲಿ ತಿರುಗಿಸು. ಮೇಲಿನಿಂದ ತಿರುಗಿಸಿದರೆ ನಿನ್ನ ಮುಂಗೈಯೇ ಚಿತ್ರ ಮುಚ್ಚುತ್ತದೆ, ಬಳೆಯ ಸದ್ದು ಬೇರೆ. ತಾನು ಓದಿ, ಆಮೇಲೆ ಪುಸ್ತಕ ತಿರುಗಿಸಿ ಒಂದು ಸುತ್ತು ತೋರಿಸುವ ಟೀಚರುಗಳಿದ್ದಾರೆ. ಅದು ಚಿತ್ರಪುಸ್ತಕ ಓದಿದಂತಲ್ಲ. ಮಾತೂ ಚಿತ್ರವೂ ಒಟ್ಟಿಗೆ ಮಗುವನ್ನು ತಲುಪಬೇಕು. ಅದಕ್ಕೇ ಮೊದಲಿನಿಂದ ಕೊನೆಯವರೆಗೂ ಪುಸ್ತಕ ಮಕ್ಕಳ ಕಡೆಗಿರಲಿ, ನೀನು ವಾರೆಗಣ್ಣಿನಲ್ಲಿ ಓದು. ಹಿಂದಿನ ರಾತ್ರಿ ಓದಿಕೊಂಡದ್ದು ಇಲ್ಲಿ ಕೈ ಹಿಡಿಯುತ್ತದೆ.

• ಮೂವತ್ತು ಮಕ್ಕಳು, ಅಂಗೈಯಗಲದ ಪುಸ್ತಕ: ಇದು ಕೂಡುವ ಲೆಕ್ಕವಲ್ಲ. ಎರಡು ಗುಂಪು ಮಾಡು. ಒಂದು ಗುಂಪನ್ನು ಆಯಾಳ ಜೊತೆ ಜಗಲಿಗೆ ಆಡಲು ಕಳಿಸು. ಸ್ಮಾರ್ಟ್‌ ಟಿ.ವಿ. ಇದೆಯಲ್ಲ, ಅದರಲ್ಲೇ ತೋರಿಸೋಣ ಎನ್ನುತ್ತಾರೆ. ಮೊದಲ ಓದಿಗೆ ನನ್ನ ಒಪ್ಪಿಗೆ ಇಲ್ಲ. ಪರದೆಯ ಮೇಲೆ ಪುಟ ಬದಲಾಗುತ್ತದೆ, ಆದರೆ ಯಾರೂ ತಿರುಗಿಸುವುದಿಲ್ಲ. ತಿರುಗಿಸುವ ಕೈಯನ್ನು ನೋಡಿಯೇ ಮಗು ಪುಸ್ತಕದ ರೀತಿ ನೀತಿ ಕಲಿಯುವುದು. ನಾಲ್ಕು ಸಲ ಓದಿಯಾದ ಮೇಲೆ ಬೇಕಿದ್ದರೆ ದೊಡ್ಡದಾಗಿ ತೋರಿಸು.

• ಮುಖಪುಟಕ್ಕೆ ಎರಡು ನಿಮಿಷ ಕೊಡು. ಬರೆದವರ ಹೆಸರನ್ನೂ ಚಿತ್ರ ಬರೆದವರ ಹೆಸರನ್ನೂ ಹೇಳು. ಪುಸ್ತಕವನ್ನು ಮನುಷ್ಯರೇ ಮಾಡುತ್ತಾರೆ ಎಂದು ತಿಳಿದ ಮಗು ತಾನೂ ಒಂದು ಮಾಡುತ್ತೇನೆ ಎನ್ನುತ್ತದೆ. ಅಷ್ಟು ಸಾಕು, ಮುಖಪುಟದಲ್ಲೇ ಹತ್ತು ಪ್ರಶ್ನೆ ಕೇಳಿ ಕತೆಯ ಹಸಿವು ಕೆಡಿಸಬೇಡ.

• ಪುಟ ತಿರುಗಿಸಿದ ಕೂಡಲೇ ಓದಬೇಡ. ಹೊಸ ಟೀಚರುಗಳಿಗೆ ಇದೇ ಕಷ್ಟ, ಮೌನವೆಂದರೆ ಕ್ಲಾಸು ಕೈತಪ್ಪಿತು ಎಂದು ಭಯ. ಪುಟ ತೆರೆ, ಸುಮ್ಮನಿರು. ಮಕ್ಕಳ ಕಣ್ಣು ಮೊದಲು ದೊಡ್ಡ ಆಕಾರಕ್ಕೆ ಹೋಗುತ್ತದೆ, ಆಮೇಲೆ ಮೂಲೆಗೆ. ಸಂತೆಯ ಚಿತ್ರವೊಂದನ್ನು ತೆಗೆದುಕೊ. ಎಲ್ಲರೂ ತಕ್ಕಡಿ ಹಿಡಿದವನನ್ನು ನೋಡುತ್ತಿರುತ್ತಾರೆ. ಹಿಂದಿನ ಸಾಲಿನ ಒಬ್ಬ ಹುಡುಗ ಮಂಡಿಯೂರಿ ಮುಂದೆ ಬಂದು, ಚಿತ್ರದ ಕೆಳಮೂಲೆಯಲ್ಲಿ ಬೆರಳಿಡುತ್ತಾನೆ. ಅಲ್ಲೊಂದು ಮೇಕೆ ಯಾರದ್ದೋ ಚೀಲದಿಂದ ಕೊತ್ತಂಬರಿ ಸೊಪ್ಪು ಎಳೆಯುತ್ತಿದೆ. ಒಬ್ಬನಿಗೆ ಕಂಡದ್ದು ಹತ್ತು ಜನಕ್ಕೆ ಕಾಣುತ್ತದೆ, ಗಲಾಟೆ ಶುರು. "ಟೀಚರ್, ನಮ್ಮನೆ ಮೇಕೆನೂ ಹಿಂಗೇ!" ಈ ಗಲಾಟೆಯನ್ನು ಅದುಮಬೇಡ. "ಹೌದಲ್ಲ, ನಾನು ನೋಡೇ ಇರಲಿಲ್ಲ" ಎಂದು ಹೇಳು. ನೀನು ನೋಡಿರುತ್ತೀ, ಆದರೂ ಹೇಳು. ಗಲಾಟೆ ತಾನಾಗಿ ತಗ್ಗುತ್ತದೆ, ಮೇಕೆ ಏನಾಯಿತು ಎಂದು ತಿಳಿಯಲು ಮುಂದಿನ ಪುಟ ಬೇಕಲ್ಲ.

• ಪ್ರಶ್ನೆ ಕೇಳು, ಆದರೆ ಪರೀಕ್ಷೆ ಮಾಡಬೇಡ. "ಇದು ಏನು? ಇದರ ಬಣ್ಣ ಯಾವುದು? ಎಷ್ಟಿವೆ?" ಎಂಬುದೆಲ್ಲ ಪರೀಕ್ಷೆ, ಉತ್ತರ ನಿನಗೂ ಗೊತ್ತು, ಅವರಿಗೂ ಗೊತ್ತು. "ಈಗ ಇವಳು ಏನು ಮಾಡಬಹುದು?" "ಮೇಕೆಗೆ ಬೈಯಬೇಕೋ ಬೇಡವೋ?" ಎಂಬುದು ಮಾತುಕತೆ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇದನ್ನೇ ಅಳೆದು ನೋಡಿದರು. ಎರಡು ವರ್ಷದ ಆಸುಪಾಸಿನ ಮಕ್ಕಳ ಎರಡು ಗುಂಪು, ಎರಡಕ್ಕೂ ಮನೆಯಲ್ಲಿ ಚಿತ್ರಪುಸ್ತಕ ಓದುತ್ತಿದ್ದರು. ಒಂದು ಗುಂಪಿನ ಅಪ್ಪ ಅಮ್ಮಂದಿರಿಗೆ ಮಾತ್ರ ಬಿಚ್ಚಿ ಮಾತಾಡಿಸುವ ಪ್ರಶ್ನೆ ಕೇಳುವುದನ್ನೂ ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುವುದನ್ನೂ ಹೇಳಿಕೊಟ್ಟರು. ಒಂದು ತಿಂಗಳಾಗುವಷ್ಟರಲ್ಲಿ ಆ ಗುಂಪಿನ ಮಕ್ಕಳು ಮಾತಿನಲ್ಲಿ ಇನ್ನೊಂದಕ್ಕಿಂತ ತಿಂಗಳುಗಟ್ಟಲೆ ಮುಂದಿದ್ದರು. ಸೇರಿಸುವುದೆಂದರೆ ಹೀಗೆ. ಮಗು "ನಾಯಿ ಓಡ್ತು" ಎಂದರೆ ನೀನು "ಹೌದು, ಸಿಡಿಲಿಗೆ ಹೆದರಿ ನಾಯಿ ಮಂಚದಡಿಗೆ ಓಡಿತು" ಎನ್ನುವುದು. ತಿದ್ದಿದಂತೆ ಕಾಣಬಾರದು, ಒಪ್ಪಿದಂತಿರಬೇಕು.

• ಮೊದಲ ದಿನದ ಓದಿನಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಬೇಡವೇ ಬೇಡ, ಕತೆ ಹರಿದು ಹೋಗಲಿ. ಎರಡನೇ ದಿನ ನಾಲ್ಕೈದು ಕಡೆ ನಿಲ್ಲು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸು. ಮಾತು ಕಡಿಮೆ ಆಡುವ ಮಕ್ಕಳು ಬಾಯಿ ಬಿಡುವುದು ನಾಲ್ಕಕ್ಕೋ ಐದಕ್ಕೋ. ಅಷ್ಟರೊಳಗೆ ನಾವೇ ಉತ್ತರ ಹೇಳಿಬಿಟ್ಟಿರುತ್ತೇವೆ.

• ಒಂದೇ ಪುಸ್ತಕವನ್ನು ವಾರವಿಡೀ ಓದು. "ಮತ್ತೆ ಅದೇನಾ?" ಎನ್ನುವವರು ಹೆಡ್‌ಮಿಸ್ಸು, ಮಕ್ಕಳಲ್ಲ. ಮಕ್ಕಳಿಗೆ ಮುಂದೇನು ಎಂದು ಗೊತ್ತಿರುವುದೇ ಸುಖ. ಮರುಕಳಿಸುವ ಸಾಲಿರುವ ಪುಸ್ತಕಗಳನ್ನು ಆರಿಸು ಎನ್ನುವುದು ಇದಕ್ಕೇ. ರೋಹಿಣಿ ನಿಲೇಕಣಿಯವರು ನೋನಿ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕ್ಷೌರದ ಕತೆ ಇದೆ. ಉದ್ದ ಕೂದಲು ಬೆಳೆದ ಆತ ಯಾರ ಹತ್ತಿರ ಹೋದರೂ ಅವರಿಗೆ ಪುರುಸೊತ್ತಿಲ್ಲ. ಬುಧವಾರದ ಹೊತ್ತಿಗೆ 'ಪುರುಸೊತ್ತಿಲ್ಲ' ಎನ್ನುವ ಕೆಲಸವನ್ನು ಇಡೀ ಕ್ಲಾಸು ವಹಿಸಿಕೊಳ್ಳುತ್ತದೆ, ನೀನು ಶ್ರೀನಿವಾಸನಾಗಿ ಕೇಳಿದರಾಯಿತು. 'ನಮ್ಮ ಸಹಾಯಕರು' ಎಂಬ ಥೀಮಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸಹಾಯಕರು ಯಾರು ಯಾರು ಎಂದು ಪಟ್ಟಿ ಮಾಡಿಸುವ ಬದಲು, ಅವರು ಸಿಗದಿದ್ದರೆ ಏನು ಪಾಡು ಎಂದು ನಗುತ್ತಾ ನೋಡಿದಂತಾಗುತ್ತದೆ.

• ಹೀಗೆ ಬಾಯಿಪಾಠವಾದ ಸಾಲು ಬಂದಾಗ ಮಾತ್ರ ಅಕ್ಷರಗಳ ಕೆಳಗೆ ಎಡದಿಂದ ಬಲಕ್ಕೆ ಬೆರಳು ಓಡಿಸು. ಎಲ್ಲ ಪುಟದಲ್ಲೂ ಬೇಡ, ಬೆರಳು ನೋಡುತ್ತಾ ಚಿತ್ರ ಬಿಟ್ಟುಬಿಡುತ್ತಾರೆ.

• ಪುಸ್ತಕದ ಕನ್ನಡವನ್ನು ಬದಲಾಯಿಸಬೇಡ. "ಹೊರಟಳು" ಎಂದಿದ್ದರೆ "ಹೊರಟಳು" ಎಂದೇ ಓದು. ಬರಹದ ಕನ್ನಡ ಕಣ್ಣಿಗೆ ಬೀಳುವ ಮೊದಲೇ ಮಕ್ಕಳ ಕಿವಿಗೆ ಬೀಳಬೇಕು, ಒಂದನೇ ಕ್ಲಾಸಿನಲ್ಲಿ ಅದು ಅಪರಿಚಿತವಾಗಿ ಎದುರಾಗಬಾರದು. ನಡುವೆ ಮಾತಾಡುವಾಗ ಮಾತ್ರ ನಮ್ಮ ಆಡುಮಾತೇ ಇರಲಿ. ಮನೆಯಲ್ಲಿ ಕೊಂಕಣಿ, ತುಳು, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದರೆ ಅವರ ಮಾತಿಗೂ ಜಾಗ ಕೊಡು. ಉರ್ದು ಮನೆಯ ಹುಡುಗಿ ಕಪ್ಪೆಯನ್ನು ಮೇಂಡಕ್ ಎಂದರೆ ಇಡೀ ಕ್ಲಾಸು ಒಮ್ಮೆ ಮೇಂಡಕ್ ಎನ್ನಲಿ. ನಿಮ್ಮದು ಇಂಗ್ಲಿಷ್ ಮಾಧ್ಯಮವಾದ್ದರಿಂದ ಇಂಗ್ಲಿಷ್ ಪುಸ್ತಕ ಓದಲೇಬೇಕು ಎನ್ನುತ್ತಾರೆ. ಓದು, ನಿಧಾನವಾಗಿ ಓದು. ಆದರೆ ಕತೆಯ ಮೇಲಿನ ಹರಟೆ ಕನ್ನಡದಲ್ಲೇ ನಡೆಯಲಿ. ಇಂಗ್ಲಿಷಿನಲ್ಲಿ ಹರಟಲು ಹೇಳಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕಂಬ ನೋಡುತ್ತಾರೆ.

• ನಿಮ್ಮ ಶಾಲೆಯ ಕಪಾಟಿನಲ್ಲಿ ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ಇರಬಹುದು, 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್'. 1969ರದ್ದು, ಇನ್ನೂ ಮುದ್ರಣವಾಗುತ್ತಲೇ ಇದೆ. ಹುಳ ತಿಂದಲ್ಲೆಲ್ಲ ಪುಟದಲ್ಲಿ ನಿಜವಾಗಿ ತೂತು. ಕಾಗದಕ್ಕೆ ತೂತು ಹೊಡೆಯುವ ಪಂಚ್ ಹಿಡಿದು ಕೂತಾಗ ಅವರಿಗೆ ಹೊಳೆದದ್ದಂತೆ ಇದು; ಮೊದಲು ಪುಸ್ತಕ ಕೊರೆಯುವ ಹುಳವಿತ್ತು, ಕಂಬಳಿಹುಳವಾದದ್ದು ಸಂಪಾದಕಿಯ ಸಲಹೆಯಿಂದ. ವಾರದ ದಿನಗಳು, ಎಣಿಕೆ, ಹಣ್ಣುಗಳು, ಕೀಟಗಳು: ನಾಲ್ಕು ಥೀಮಿಗೆ ಒಂದೇ ಪುಸ್ತಕ ಸಾಕಾಗುತ್ತದೆ. ಅದರೊಳಗಿನ ಪೇರ್ ಹಣ್ಣನ್ನು, ಪ್ಲಮ್ಮನ್ನು ನಮ್ಮ ಮಕ್ಕಳು ಕಂಡಿರುವುದಿಲ್ಲ. ಹಾಗೆಂದು ಪೇರನ್ನು ಪೇರಳೆ ಎಂದು ಸುಳ್ಳು ಹೇಳಬೇಡ. ಇದು ಬೇರೆ ಊರಿನ ಹುಳ, ಆ ಊರಿನ ಹಣ್ಣು ತಿನ್ನುತ್ತದೆ ಎಂದು ಹೇಳು. ಓದು ಮುಗಿದ ಮೇಲೆ "ನಮ್ಮೂರಿನ ಹುಳ ಏನು ತಿನ್ನುತ್ತದೆ?" ಎಂದು ಕೇಳು. ಸೋಮವಾರ ಒಂದು ಹಲಸಿನ ತೊಳೆ, ಮಂಗಳವಾರ ಎರಡು ನೇರಳೆ, ಬುಧವಾರ ಮೂರು ಪೇರಳೆ ಎಂದು ಅವರೇ ಶುರುಮಾಡುತ್ತಾರೆ. ಶನಿವಾರಕ್ಕೆ ಬಂದಾಗ ಕಡುಬು, ಪತ್ರೊಡೆ, ಕುರ್ಕುರೆ ಎಲ್ಲ ಸೇರುತ್ತದೆ, ಸೇರಲಿ. ರದ್ದಿ ಕಾಗದದಲ್ಲಿ ಅವರ ಕೈಯಲ್ಲೇ ಚಿತ್ರ ಬರೆಸು, ನೀನು ಅವರು ಹೇಳಿದ ಮಾತನ್ನೇ ಕೆಳಗೆ ಬರೆ, ಪಂಚ್ ತಂದು ತೂತು ಹೊಡೆ. ಪುಸ್ತಕದ ಮೂಲೆಯಲ್ಲಿ ಅದನ್ನೂ ಇಡು. ಅಂಗಡಿಯಿಂದ ತಂದ ಯಾವ ಪುಸ್ತಕವೂ ಅದರಷ್ಟು ಬೇಗ ಸವೆಯುವುದಿಲ್ಲ.

• ಪುಸ್ತಕದಿಂದ ಹೊರಗೆ ಒಂದು ನಿಜವಸ್ತು ಬರಲಿ, ಒಂದೇ ಸಾಕು. ಮಳೆಗಾಲದ ವಾರ ಯಾರದ್ದಾದರೂ ಅಜ್ಜಿಯನ್ನು ಮಳೆಗೆ ಬೆನ್ನಿನ ಮೇಲೆ ಹೊದೆಯುವ ಗೊರಬಿನ ಸಮೇತ ಕ್ಲಾಸಿಗೆ ಕರೆಸು. ನಟ್ಟಿಯಲ್ಲಿ ಬಗ್ಗಿದ ಬೆನ್ನಿನ ಮೇಲೆ ಅದು ಹೇಗೆ ಕೂರುತ್ತದೆ ಎಂದು ಅವರು ಬಗ್ಗಿ ತೋರಿಸಲಿ. ರೈನ್‌ಕೋಟಿನ ಮಕ್ಕಳಿಗೆ ಗೊರಬು ಈಗ ಪುಸ್ತಕದ ಆನೆಗಿಂತ ಅಪರೂಪ. ಒಬ್ಬೊಬ್ಬರಾಗಿ ಗೊರಬಿನೊಳಗೆ ನುಸುಳಲಿ, ಮೇಲಿಂದ ಒಂದು ಚೊಂಬು ನೀರು ಹುಯ್ಯಿ. ಒಣ ಬೆನ್ನಿನಲ್ಲಿ ಹೊರಬಂದ ಮಗುವಿಗೆ ಮಳೆಯ ಪಾಠ ಬೇರೆ ಬೇಕಿಲ್ಲ. ತರಕಾರಿಗೆ ಸಂತೆ ದಿನ ಒಂದು ಚೀಲ ತಾ. ಮುಳ್ಳಿನ ತೊಟ್ಟಿರುವ ಬದನೆಯನ್ನು ಮುಟ್ಟಿ ನೋಡಲಿ, ಬೆಂಡೆಕಾಯಿ ಮುರಿದು ಲೋಳೆ ಎಳೆಯಲಿ. ವಾಹನಕ್ಕೆ ಏನೂ ಬೇಡ, ಗೇಟಿನ ಹೊರಗೆ ಶಾಲಾ ವ್ಯಾನು ನಿಂತಿರುತ್ತದೆ.

• ಆದರೆ ಹತ್ತಿ ಅಂಟಿಸಿದ ಮೋಡ ಮಾತ್ರ ಬೇಡ ಮಾರಾಯ್ತಿ! ಟೀಚರೇ ಕತ್ತರಿಸಿದ ಮೂವತ್ತು ಮೋಡಗಳು, ಎಲ್ಲಕ್ಕೂ ಒಂದೇ ಅಳತೆಯ ಹತ್ತಿ, ಗೋಡೆಯುದ್ದಕ್ಕೂ ಒಣಹಾಕಿದ ಹಪ್ಪಳದ ಹಾಗೆ. ಅದು ಪೋಷಕರ ಸಭೆಗಾಗಿ ಮಾಡುವ ಅಲಂಕಾರ. ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಅಂಗಳದಲ್ಲಿ ಅವರವರ ಮೋಡ ಬರೆಯಲು ಬಿಡು, ಕಪ್ಪು ಮೋಡ, ಹಲ್ಲಿರುವ ಮೋಡ, ಏನಾದರೂ.

• 'ನನ್ನ ಕುಟುಂಬ' ಎಂಬ ವಾರ ಬಂದಾಗ ಮೈಯೆಲ್ಲ ಎಚ್ಚರವಿರಲಿ. ಬಹಳ ಪುಸ್ತಕಗಳಲ್ಲಿ ಒಬ್ಬ ಅಪ್ಪ, ಒಬ್ಬ ಅಮ್ಮ, ಒಂದು ಗಂಡು ಒಂದು ಹೆಣ್ಣು ಮಗು, ಸೋಫಾ. ನಿನ್ನ ಮುಂದೆ ಕೂತವರಲ್ಲಿ ಅಪ್ಪ ಇಲ್ಲದವರಿರುತ್ತಾರೆ, ಅಮ್ಮ ಊರಾಚೆ ಕೆಲಸಕ್ಕೆ ಹೋಗಿ ಅಜ್ಜಿಯ ಹತ್ತಿರ ಬೆಳೆಯುವವರಿರುತ್ತಾರೆ, ಕಾಫಿ ತೋಟದ ಲೈನು ಮನೆಯಲ್ಲಿ ಎಂಟು ಜನ ಮಲಗುವವರಿರುತ್ತಾರೆ. "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂಬ ಪ್ರಶ್ನೆ ಕೆಲವು ಮಕ್ಕಳ ಗಂಟಲಿನಲ್ಲಿ ಮುಳ್ಳು. "ರಾತ್ರಿ ನಿಂಗೆ ಊಟ ಹಾಕೋದು ಯಾರು?" ಎಂದು ಕೇಳು, ಎಲ್ಲರಲ್ಲೂ ಉತ್ತರವಿರುತ್ತದೆ. ಅಜ್ಜಿ ಮೊಮ್ಮಗಳು ಇಬ್ಬರೇ ಇರುವ ಪುಸ್ತಕ, ಅಪ್ಪ ಅಡುಗೆ ಮಾಡುವ ಪುಸ್ತಕ, ದೊಡ್ಡ ಕೂಡುಕುಟುಂಬದ ಪುಸ್ತಕ ಮೂರನ್ನೂ ಹುಡುಕಿಟ್ಟುಕೊ. ಹಬ್ಬದ ಥೀಮಿಗೂ ಇದೇ ಮಾತು: ದೀಪಾವಳಿಯ ಪುಸ್ತಕ ಓದಿದ ಕ್ಲಾಸಿನಲ್ಲಿ ರಂಜಾನಿನದು, ಕ್ರಿಸ್‌ಮಸ್ಸಿನದು ಕೂಡ ಓದಿರಬೇಕು.

• ದನಿ ಬದಲಿಸು, ಆದರೆ ಯಕ್ಷಗಾನ ಬೇಡ. ಹುಲಿಗೆ ಸ್ವಲ್ಪ ತಗ್ಗಿದ ದನಿ, ಇಲಿಗೆ ಸ್ವಲ್ಪ ಚುರುಕು. ನೀನೇ ಅರಚಿ ಕುಣಿದರೆ ಮಕ್ಕಳು ನಿನ್ನನ್ನು ನೋಡುತ್ತಾರೆ, ಪುಸ್ತಕವನ್ನಲ್ಲ. ಹೆದರಿಕೆಯ ಪುಟ ಬಂದಾಗ ಹಾರಿಸಿ ಓದಬೇಡ. ಪಕ್ಕದಲ್ಲಿ ಟೀಚರ್ ಇರುವಾಗ ಹೆದರುವುದು ಮಕ್ಕಳಿಗೆ ಇಷ್ಟವೇ. ಅಳುವ ಮಗುವನ್ನು ತೊಡೆಗೆ ಒರಗಿಸಿಕೊಂಡು ಮುಂದುವರಿಸು, ಕತೆ ನಡುವೆ ನಿಂತರೆ ಹುಲಿ ಅಲ್ಲೇ ಉಳಿದುಬಿಡುತ್ತದೆ.

• ಒಂದೆಡೆ ಕೂರದ ಮಗು ಪ್ರತಿ ಕ್ಲಾಸಿನಲ್ಲೂ ಒಂದಿರುತ್ತದೆ. ಬೆಂಚಿನಡಿ ಸೇರಿ ಚಪ್ಪಲಿಯ ಬಕಲ್ ತೆಗೆದು ಹಾಕುತ್ತಿರುತ್ತದೆ. ಎಳೆದು ಕೂರಿಸಬೇಡ. ಕಿವಿ ಇಲ್ಲೇ ಇರುತ್ತದೆ. ಮಾರನೇ ದಿನ ನೀನು ಒಂದು ಸಾಲು ಬಿಟ್ಟು ಓದಿದರೆ ತಪ್ಪು ಹಿಡಿಯುವುದು ಅದೇ ಮಗು. ಪುಟ ತಿರುಗಿಸುವ ಕೆಲಸವನ್ನು ಅದಕ್ಕೆ ವಹಿಸು.

• ಹತ್ತು ಹದಿನೈದು ನಿಮಿಷ ಸಾಕು. ಬೆಳಿಗ್ಗೆ ಪ್ರಾರ್ಥನೆಯಾಗಿ ಮಕ್ಕಳು ಹೊಂದಿಕೊಂಡ ಮೇಲಿನ ಹೊತ್ತು ಉತ್ತಮ. ಊಟವಾದ ಮೇಲೆ ಓದಿದರೆ ನಿದ್ದೆಗೆ ಜೋಗುಳ.

• ಓದಿನ ಮುಂಚೆ ಒಂದು ಹಾಡಿರಲಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದಿಟ್ಟಿದ್ದಾರೆ, ಪ್ರಾಣಿ ಪಕ್ಷಿಗಳ ಥೀಮಿಗೆ ಅಲ್ಲೇ ಬೇಕಾದಷ್ಟು ಸಿಗುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗನ ಇಂಗ್ಲಿಷ್ ಕವಿತೆಯಿಂದ ಬಂದದ್ದಾದರೂ ನಮ್ಮ ಇಲಿಗಳದ್ದೇ ಆಗಿಹೋಗಿದೆ. ಯುಕೆಜಿಗೆ ಪೂರ್ತಿ ಉದ್ದವಾಯಿತು, ಇಲಿಗಳ ಭಾಗ ಸಾಕು. ಮಕ್ಕಳೇ ಇಲಿಗಳಾಗಿ ಸಾಲುಗಟ್ಟಿ ಅಂಗಳ ಸುತ್ತಲಿ.

• ಕತೆ ಮುಗಿದ ಮೇಲೆ "ಈ ಕತೆಯ ನೀತಿ ಏನು ಮಕ್ಕಳೇ?" ಎಂದು ಕೇಳಬೇಡ. ಕೇಳಬೇಡ ಎಂದರೆ ಕೇಳಲೇಬೇಡ. ಹಾಗೆ ಕೇಳಿದ ದಿನದಿಂದ ಮಕ್ಕಳು ಕತೆ ಕೇಳುವುದನ್ನು ಬಿಟ್ಟು ಉತ್ತರ ಹುಡುಕಲು ಶುರುಮಾಡುತ್ತಾರೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಸಿಕ್ಕರೆ ಓದು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದವರು ಅವರು. ಆ ಪುಸ್ತಕದಲ್ಲಿ ಬರುವ ಮೇಷ್ಟ್ರು ತಂಟೆಕೋರ ಕ್ಲಾಸನ್ನು ಹಿಡಿದು ಕೂರಿಸುವುದು ಬೆತ್ತದಿಂದಲ್ಲ, ಕತೆಯಿಂದ. ಕತೆ ಮುಗಿದಾಗ ಪುಸ್ತಕ ಮುಚ್ಚಿ ಹತ್ತಿರದ ಮಗುವಿನ ಕೈಗೆ ಕೊಡು. ಅಷ್ಟೇ.

• ಪುಸ್ತಕ ಕೈಗೆ ಸಿಗಬೇಕು. ಗೋಡೆಗೆ ಮಕ್ಕಳ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಮುಖಪುಟ ಕಾಣುವಂತೆ ನೇತುಹಾಕು. ಆ ವಾರದ ಮೂರು, ಹಿಂದಿನ ವಾರದ ಮೂರು. ಹರಿಯುತ್ತವೆ, ಹರಿಯಲಿ. ಅಂಟುಪಟ್ಟಿ ಹಚ್ಚುವುದನ್ನೂ ಅವರೆದುರೇ ಮಾಡು. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ನಮ್ಮ ಕಡೆಯ ಮಳೆಗಾಲದಲ್ಲಿ ಹೇಗೂ ಬೂಷ್ಟು ಹಿಡಿಯುತ್ತದೆ. ಮಕ್ಕಳ ಕೈಯಲ್ಲಿ ಹರಿಯುವುದು ಅದಕ್ಕಿಂತ ಲೇಸು. ಬಿಸಿಲು ಕಂಡ ದಿನ ಜಗಲಿಯಲ್ಲಿ ಹರಡು.

• ಶುಕ್ರವಾರ ಮಾತಿಲ್ಲದ ಪುಸ್ತಕಗಳನ್ನು ಮನೆಗೆ ಕಳಿಸು. ಓದು ಬಾರದ ಅಮ್ಮನಿಗೂ ಅಜ್ಜಿಗೂ ಅದನ್ನು ಹೇಳಲು ಬರುತ್ತದೆ, ನಮಗಿಂತ ಚೆನ್ನಾಗಿಯೇ ಬರುತ್ತದೆ. ಸೋಮವಾರ ಮಗು ಬಂದು ತನ್ನಜ್ಜಿಯ ಕತೆ ಹೇಳಲಿ. ಒಂದೇ ಪುಸ್ತಕಕ್ಕೆ ಮೂರು ಮನೆಯಿಂದ ಮೂರು ಕತೆ ಬರುವುದನ್ನು ನೀನೇ ಕೇಳು.

• ಪೋಷಕರು ಬಂದು "ಬರೆಸಲ್ವಾ ಮೇಡಂ? ಪಕ್ಕದ ಶಾಲೆಲಿ ಆಗಲೇ ಕಾಗುಣಿತ" ಎನ್ನುತ್ತಾರೆ. ಜಗಳ ಬೇಡ. ಒಂದು ದಿನ ಓದಿನ ಹೊತ್ತಿಗೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸು. ತಮ್ಮ ಮಗು ಇಡೀ ಪುಸ್ತಕವನ್ನು ಬಾಯಿಪಾಠ ಹೇಳುವುದನ್ನು ಕಂಡವರು ಮತ್ತೆ ಕೇಳುವುದು ಕಡಿಮೆ. ಆಡಳಿತ ಮಂಡಳಿಯವರು ಕೇಳಿದರೆ 2022ರ ಅಡಿಪಾಯ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ತೋರಿಸು. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಕತೆ, ಹಾಡು, ಆಟ, ಚಿತ್ರಪುಸ್ತಕಗಳ ಮೂಲಕ ಕಲಿಸಿ ಎಂದು ಸರ್ಕಾರವೇ ಬರೆದಿಟ್ಟಿದೆ.

ಇನ್ನು ಇದನ್ನು ಓದುವ ನನ್ನ ವಾರಗೆಯವರಿಗೊಂದು ಮಾತು. ಮೊಮ್ಮಕ್ಕಳು ದೊಡ್ಡವರಾದ ಮೇಲೆ ಅಟ್ಟ ಸೇರಿದ ಚಿತ್ರಪುಸ್ತಕಗಳು ನಿಮ್ಮ ಮನೆಯಲ್ಲೂ ಇರುತ್ತವೆ. ಕೆಳಗಿಳಿಸಿ, ಧೂಳು ಒರೆಸಿ, ಊರಿನ ಅಂಗನವಾಡಿಗೆ ಕೊಟ್ಟು ಬನ್ನಿ. ಹೋದವರು ಹಾಗೇ ವಾಪಸು ಬರಬೇಡಿ, ಒಂದನ್ನು ಅಲ್ಲೇ ಕೂತು ಓದಿ ಹೇಳಿ.